ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ: ಏಳನೇ ತರಗತಿ ಓದಿದವನು ಏನೇನು ಓದಿಕೊಳ್ಳಬೇಕು?

ಹೊಸ ಸ್ಟೇರಿಂಗ್ (ಬುಧವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ಕಡೆಯವನು. ಹನ್ನೊಂದು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಸಿಮೆಂಟ್, ತೆಂಗಿನಕಾಯಿ, ಕಬ್ಬಿಣದ ಸರಳು, ಸಿಕ್ಕಿದ್ದನ್ನೆಲ್ಲ ಹೊತ್ತಿದ್ದೇನೆ. ಈಗ ಪರಿಚಯದ ಮಾಲೀಕರೊಬ್ಬರು ಪೆಟ್ರೋಲ್ ಟ್ಯಾಂಕರ್ ಓಡಿಸಲು ಕರೆದಿದ್ದಾರೆ. ಸಂಬಳ ಚೆನ್ನಾಗಿದೆ, ಲೋಡಿಗಾಗಿ ಎರಡೆರಡು ದಿನ ಕಾದು ಕೂರುವ ಗೋಳಿಲ್ಲ. ಆದರೆ ಲೈಸೆನ್ಸಿನಲ್ಲಿ ಅಪಾಯಕಾರಿ ಸರಕಿನ ನಮೂದು ಇರಲೇಬೇಕು, ಅದಕ್ಕೆ ಮೂರು ದಿನ ತರಬೇತಿ ಮುಗಿಸಿ ಪಾಸಾಗಬೇಕು ಎಂದಿದ್ದಾರೆ. ಬರುವ ಸೋಮವಾರ ಶುರು.

ನಾನು ಓದಿದ್ದು ಏಳನೇ ತರಗತಿ, ಕನ್ನಡ ಶಾಲೆ. ಇಂಗ್ಲಿಷ್ ಅಕ್ಷರ ಕೂಡಿಸಿ ಊರಿನ ಬೋರ್ಡು ಓದುತ್ತೇನೆ, ಅಷ್ಟೇ. ತರಬೇತಿಯವರು ಮೊಬೈಲಿಗೆ ಕಳುಹಿಸಿರುವ ನಲವತ್ತು ಪುಟದ ಪಾಠ ಪೂರ್ತಿ ಇಂಗ್ಲಿಷಿನಲ್ಲಿದೆ. ಮೊದಲ ಪುಟದಲ್ಲೇ ಗಾಡಿ ನಿಂತಿದೆ. ಮಗಳು ಒಂಬತ್ತನೇ ತರಗತಿ. ಅವಳ ಮುಂದೆ ಇದನ್ನು ಹಿಡಿದು ಕೂರಲು ನಾಚಿಕೆ. ಈಗಾಗಲೇ ಪಾಸಾದವರು ಯಾರಾದರೂ ದಾರಿ ತೋರಿಸಿ.

ಅಡ್ಡದಾರಿ (ರಾತ್ರಿ 9.58)

ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಅಣ್ಣ. ನಾನು ಮೊದಲ ದಿನ ಹೋಗಿ ಮೂರು ದಿನಕ್ಕೂ ಸೇರಿಸಿ ಸಹಿ ಹಾಕಿ ಬಂದೆ. ಸರ್ಟಿಫಿಕೇಟ್ ಮನೆಗೇ ಬಂತು. ಹೆಚ್ಚಿಗೆ ಸ್ವಲ್ಪ ಕೊಟ್ಟರೆ ಆಯಿತು. ಮೂರು ದಿನದ ಬಾಟಾ ಕಳೆದುಕೊಂಡು ಕುರ್ಚಿಯಲ್ಲಿ ತೂಕಡಿಸುವುದಕ್ಕಿಂತ ಇದು ಮೇಲು.

ಗುಂಡ್ಯ ಬುಲೆಟ್ (ರಾತ್ರಿ 10.25)

ಅಡ್ಡದಾರಿಯವರೇ, ನೀವು ಯಾವ ರಸ್ತೆಯಲ್ಲಿ ಓಡಿಸುತ್ತೀರಿ ಎಂದು ಮೊದಲೇ ತಿಳಿಸಿ, ನಾನು ಆ ದಿನ ಬೇರೆ ರಸ್ತೆ ಹಿಡಿಯುತ್ತೇನೆ.

ಹೊಸ ಸ್ಟೇರಿಂಗ್ ತಮ್ಮಾ, ನಾನು ಹದಿನಾಲ್ಕು ವರ್ಷದಿಂದ ಎಲ್‌ಪಿಜಿ ಬುಲೆಟ್, ಅಂದರೆ ಗ್ಯಾಸ್ ಟ್ಯಾಂಕರ್ ಓಡಿಸುತ್ತಿದ್ದೇನೆ. ಮಂಗಳೂರಿನಿಂದ ಶಿರಾಡಿ ಹತ್ತಿ ಹಾಸನ, ಬೆಂಗಳೂರು. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಹೊತ್ತಿಕೊಂಡು 20 ಜನ ಹೋದರು. ಮರುವರ್ಷ ಏಪ್ರಿಲ್‌ನಲ್ಲಿ ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ರಸ್ತೆ ಬದಿಯ ಮನೆಗಳಿಗೇ ಬೆಂಕಿ ಹೋಯಿತು. ಅವತ್ತಿನಿಂದ ಪೆರ್ನೆ ಬಂದರೆ ನಾನು ಕ್ಯಾಬಿನ್‌ನಲ್ಲಿ ಹಾಡು ನಿಲ್ಲಿಸುತ್ತೇನೆ. ಯಾಕೆ ಎಂದು ಕ್ಲೀನರ್ ಕೇಳಿದರೂ ಹೇಳುವುದಿಲ್ಲ.

ಪರೀಕ್ಷೆಯಲ್ಲಿ ನನಗೆ ಕೇಳಿದ್ದು, ರಸ್ತೆಯಲ್ಲಿ ಬೇಕಾಗುವುದು ಎರಡೂ ಒಂದೇ. ಗ್ಯಾಸ್ ಸೋರಿದರೆ ಎಲ್ಲಿಗೆ ಹೋಗುತ್ತದೆ? ಹೊಗೆಯ ಹಾಗೆ ಮೇಲಕ್ಕೆ ಹೋಗುತ್ತದೆ ಎಂದು ನಮ್ಮ ತಂಡದಲ್ಲಿ ಅರ್ಧ ಜನ ಬರೆದರು. ಇಲ್ಲ. ಅದು ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಚರಂಡಿ, ಮೋರಿ, ತಗ್ಗಿನ ಮನೆಯ ಹಿತ್ತಲು. ಅಲ್ಲಿ ಯಾರೋ ಬಚ್ಚಲೊಲೆಗೆ ಬೆಂಕಿ ಹಾಕಿದ್ದರೆ ಮುಗಿಯಿತು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಹೊತ್ತಿಕೊಳ್ಳುತ್ತದೆ. ಒಂಬತ್ತು ಹತ್ತು ಪಾಲು ದಾಟಿದರೆ ಹೊತ್ತುವುದಿಲ್ಲ. ಆ ಎರಡು ಅಂಕಿಗಳ ನಡುವಿನದನ್ನೇ ಪಾಠದಲ್ಲಿ ಸ್ಫೋಟಕ ಮಿತಿ ಎನ್ನುತ್ತಾರೆ.

ಎರಡನೆಯದು: ವಾಲ್ವಿನ ಬಾಯಲ್ಲಿ ಉರಿ ಎದ್ದಿದೆ, ವಾಲ್ವು ಮುಚ್ಚಲು ಆಗುತ್ತಿಲ್ಲ. ಉರಿ ಆರಿಸುತ್ತೀರಾ? ಆರಿಸಬಾರದು. ಆರಿಸಿದರೆ ಗ್ಯಾಸ್ ಸುಮ್ಮನೆ ಸುತ್ತ ಹರಡಿ, ಬೇರೆಲ್ಲೋ ಕಿಡಿ ಕಂಡು ಒಟ್ಟಿಗೆ ಹೊತ್ತುತ್ತದೆ. ಉರಿಯಲು ಬಿಟ್ಟು ಟ್ಯಾಂಕಿನ ಮೈಗೆ ನೀರು ಹೊಡೆದು ತಣ್ಣಗಿಡುವುದು ಅಗ್ನಿಶಾಮಕದವರ ಕೆಲಸ. ನಿಮ್ಮ ಕೆಲಸ ಜನರನ್ನು ಗಾಳಿ ಬರುವ ದಿಕ್ಕಿಗೆ ಕಳುಹಿಸಿ, ಎರಡೂ ಕಡೆ ಗಾಡಿ ತಡೆದು, 101ಕ್ಕೋ 112ಕ್ಕೋ ಫೋನ್ ಮಾಡುವುದು. ಅದೂ ಗಾಡಿಯಿಂದ ದೂರ ಹೋಗಿ.

ಅಡ್ಡದಾರಿ (ರಾತ್ರಿ 10.41)

ಓದಿದವರ ಗಾಡಿ ಮಗುಚುವುದೇ ಇಲ್ಲವೇ?

ಗುಂಡ್ಯ ಬುಲೆಟ್ (ರಾತ್ರಿ 10.50)

ಮಗುಚುತ್ತದೆ. ಓದಿದವನಿಗೂ ನಿದ್ದೆ ಬರುತ್ತದೆ, ಮಾಲೀಕ ಇನ್ನೊಂದು ಟ್ರಿಪ್ ಎನ್ನುತ್ತಾನೆ. ಆದರೆ ಮಗುಚಿದ ಮೇಲಿನ ಹತ್ತು ನಿಮಿಷ ಇದೆಯಲ್ಲ, ನಾನು ಹೇಳುತ್ತಿರುವುದು ಅದರ ಮಾತು.

ಸೆಕ್ಷನ್ ಸ್ವಾಮಿ (ಗುರುವಾರ, ಬೆಳಿಗ್ಗೆ 6.15)

ನಾನು ಚಾಲಕನಲ್ಲ, ಸಾರಿಗೆ ಕಚೇರಿಯ ಕಾಗದಪತ್ರ ಮಾಡಿಸಿಕೊಡುವವನು. ನಿಯಮ ಏನು ಹೇಳುತ್ತದೆ ಎಂದಷ್ಟೇ ಬರೆಯುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ನಿಯಮ 9. ತರಬೇತಿ ಮೂರು ದಿನ, ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ. ಮೊದಲ ಎರಡು ದಿನ ಎಚ್ಚರಿಕೆಯ ಚಾಲನೆ, ಹೊರಡುವ ಮುನ್ನ ಗಾಡಿ ಪರೀಕ್ಷೆ, ಇಳಿಜಾರು, ರಾತ್ರಿ ಚಾಲನೆ, ಒಬ್ಬೊಬ್ಬರನ್ನೇ ಕೂರಿಸಿ ಓಡಿಸಿ ನೋಡುವುದು. ಇದೆಲ್ಲ ಹನ್ನೊಂದು ವರ್ಷದ ಚಾಲಕನಿಗೆ ಹೊಸದಲ್ಲ. ಮೂರನೇ ದಿನ ಸರಕಿನ ಸುರಕ್ಷತೆ: ಫಲಕ, ಸಂಖ್ಯೆ, ಟ್ರೆಮ್ ಕಾರ್ಡ್ (ಅವಘಡವಾದರೆ ಏನು ಮಾಡಬೇಕೆಂದು ಬರೆದು ಗಾಡಿಯಲ್ಲಿ ಇಡುವ ಕಾರ್ಡ್), ಸೋರಿಕೆ, ಬೆಂಕಿ, ಪ್ರಥಮ ಚಿಕಿತ್ಸೆ. ಎಲ್ಲರೂ ಎಡವುವುದು ಅಲ್ಲಿ.

ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲೇ ತೆಗೆದಿದ್ದಾರೆ, ಆ ಚಿಂತೆ ಬೇಡ. ಆದರೆ ನಿಯಮ 9ರಲ್ಲಿ ಬೇರೊಂದು ಮಾತಿದೆ: ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು. 'ಮತ್ತು' ಎಂದಿದೆ, 'ಅಥವಾ' ಎಂದಿಲ್ಲ. ಹಾಗಾಗಿ ಅಕ್ಷರ ಕೂಡಿಸಿ ಓದುವುದನ್ನು ಇನ್ನಷ್ಟು ರೂಢಿ ಮಾಡಿಕೊಳ್ಳಿ.

ಪಾಸಾದ ಮೇಲೆ ಲೈಸೆನ್ಸಿಗೆ ಸಂಬಂಧಿಸಿದ ಸರ್ಕಾರಿ ಜಾಲತಾಣ ಸಾರಥಿಯಲ್ಲಿ ಅರ್ಜಿ ಹಾಕಬೇಕು. ಮೊದಲು ಈ ನಮೂದು ಒಂದೇ ವರ್ಷಕ್ಕೆ ಇತ್ತು, 2019ರ ತಿದ್ದುಪಡಿಯ ನಂತರ ಮೂರು ವರ್ಷ. ನವೀಕರಣಕ್ಕೆ ಮೊದಲು ಒಂದು ದಿನದ ಮರುತರಬೇತಿ ಕಡ್ಡಾಯ. ತಾರೀಕು ಲೈಸೆನ್ಸ್ ಕಾರ್ಡಿನಲ್ಲೇ ಬೇರೆಯಾಗಿ ಬರುತ್ತದೆ. ಲೈಸೆನ್ಸಿನ ಅವಧಿ ಬೇರೆ, ಇದರ ಅವಧಿ ಬೇರೆ. ಇದನ್ನು ಮರೆತು ತಪಾಸಣೆಯಲ್ಲಿ ಸಿಕ್ಕಿಬಿದ್ದವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ.

ಬಂಟ್ವಾಳದ ಬಾಬಣ್ಣ (ಬೆಳಿಗ್ಗೆ 7.02)

ಎಂಟನೇ ಪರಿಚ್ಛೇದದಲ್ಲಿ ತುಳು ಇಲ್ಲವಲ್ಲ ಸ್ವಾಮಿ. ಮನೆಯಲ್ಲಿ, ಕ್ಲೀನರ್ ಜೊತೆ, ಬ್ರೇಕ್ ಹಿಡಿಯದಿದ್ದಾಗ, ಎಲ್ಲ ತುಳುವಿನಲ್ಲೇ ಆಗುತ್ತದೆ ನನಗೆ. ಪರೀಕ್ಷೆ ಮಾತ್ರ ಕನ್ನಡದಲ್ಲಿ ಬರೆದೆ.

ಹೊಸ ಸ್ಟೇರಿಂಗ್ (ಮಧ್ಯಾಹ್ನ 1.20)

ಗುಂಡ್ಯದ ಅಣ್ಣ, ಸ್ವಾಮಿಗಳು, ಇಬ್ಬರಿಗೂ ವಂದನೆ. ಇವತ್ತು ತಿಪಟೂರಿನಲ್ಲಿ ಲೋಡ್ ಇಳಿಸುವಾಗ ಪಕ್ಕದ ಬಂಕಿಗೆ ಟ್ಯಾಂಕರ್ ಬಂದಿತ್ತು. ಹಿಂದಿನ ಫಲಕದ ಫೋಟೊ ತೆಗೆದುಕೊಂಡೆ. 1203 ಎಂದಿದೆ, ಮೇಲೆ 3 ವೈ ಇ ಎಂದಿದೆ. ವೈ ಎಂದರೆ ಹಳದಿ ಇರಬೇಕು, ಇಂಗ್ಲಿಷಿನಲ್ಲಿ ಯೆಲ್ಲೊ ತಾನೆ? ಆದರೆ ಅಲ್ಲಿ ಹಳದಿ ಏನೂ ಇಲ್ಲ, ವಜ್ರದ ಆಕಾರದ ಚಿತ್ರ ಕೆಂಪಗಿದೆ.

ಟರ್ಮಿನಲ್ ಗೇಟ್ (ಮಧ್ಯಾಹ್ನ 2.05)

ಬಂಕಿನೊಳಗೆ ಮೊಬೈಲಿನಲ್ಲಿ ಫೋಟೊ ತೆಗೆದಿರಾ? ಮೊದಲ ಪ್ರಶ್ನೆಗೆ ಅಲ್ಲೇ ಫೇಲ್!

ತಮಾಷೆ ಬಿಡಿ. ನಾನು ಟ್ಯಾಂಕರ್‌ಗಳಿಗೆ ಇಂಧನ ತುಂಬಿಸುವ ಒಂದು ಟರ್ಮಿನಲ್‌ನ ಸುರಕ್ಷತಾ ವಿಭಾಗದಲ್ಲಿ ಕೆಲಸ ಮಾಡುವವಳು, ದಿನಕ್ಕೆ ನೂರಾರು ಚಾಲಕರನ್ನು ಗೇಟಿನಲ್ಲಿ ನೋಡುತ್ತೇನೆ. ನೀವು ಫಲಕದಿಂದ ಶುರು ಮಾಡಿದ್ದು ಒಳ್ಳೆಯದಾಯಿತು. ನಲವತ್ತು ಪುಟ ಆಮೇಲೆ ನೋಡೋಣ.

1203 ಎಂದರೆ ಪೆಟ್ರೋಲ್. ವಿಶ್ವಸಂಸ್ಥೆಯ ಪಟ್ಟಿಯ ಸಂಖ್ಯೆ ಅದು, ಜಗತ್ತಿನಲ್ಲೆಲ್ಲ ಒಂದೇ. ಡೀಸೆಲ್ 1202, ಸೀಮೆಎಣ್ಣೆ 1223, ಎಲ್‌ಪಿಜಿ 1075, ಕ್ಲೋರಿನ್ 1017, ಅಮೋನಿಯ 1005, ಸಲ್ಫ್ಯೂರಿಕ್ ಆಮ್ಲ 1830, ಸಕ್ಕರೆ ಕಾರ್ಖಾನೆಯಿಂದ ಬರುವ ಎಥನಾಲ್ 1170. ಸದ್ಯಕ್ಕೆ ಈ ಎಂಟು ಸಾಕು.

3 ವೈ ಇ ಎನ್ನುವುದು ಹಜ್‌ಕೆಮ್ ಸಂಕೇತ. ಬೆಂಕಿ ಆರಿಸಲು ಬಂದವರು ದೂರದಿಂದಲೇ ಓದಿ ತಿಳಿಯಲಿ ಎಂದು ಇಟ್ಟಿರುವುದು. ಅಂಕಿ ಹೇಳುವುದು ಯಾವುದರಿಂದ ಆರಿಸಬೇಕು ಎಂದು: 1 ಆದರೆ ದಪ್ಪ ಹನಿಯ ನೀರು, 2 ಆದರೆ ಮಂಜಿನಂತಹ ನೀರು, 3 ಆದರೆ ನೊರೆ, 4 ಆದರೆ ಒಣ ಪುಡಿ, ನೀರು ತಾಕಲೇಬಾರದು. ಪೆಟ್ರೋಲಿಗೆ ನೊರೆ. ಯಾಕೆ? ನೀರು ಹೊಯ್ದರೆ ಪೆಟ್ರೋಲ್ ಅದರ ಮೇಲೆ ತೇಲಿ, ಉರಿಯುತ್ತಲೇ ಚರಂಡಿಗುಂಟ ಮುಂದಿನ ಬೀದಿಗೆ ಹೋಗುತ್ತದೆ.

ಅಕ್ಷರಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಪಿ, ಆರ್, ಎಸ್, ಟಿ ಬಂದರೆ ಚೆಲ್ಲಿದ್ದನ್ನು ಧಾರಾಳ ನೀರಿನಲ್ಲಿ ತೆಳುಮಾಡಿ ಹರಿಯಬಿಡಬಹುದು. ಡಬ್ಲ್ಯೂ, ಎಕ್ಸ್, ವೈ, ಝಡ್ ಬಂದರೆ ಹರಿಯಲು ಬಿಡಬಾರದು, ಮಣ್ಣು ಮರಳಿನ ಒಡ್ಡು ಹಾಕಿ ಅಲ್ಲೇ ತಡೆಯಬೇಕು. ವೈ ಎಂದರೆ ಅದರ ಜೊತೆಗೆ ಉಸಿರಾಟದ ಉಪಕರಣ ಬೇಕು, ಸಿಡಿಯುವ ಸಂಭವವೂ ಇದೆ. ಕೊನೆಯ ಇ ಇದ್ದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸುವ ಯೋಚನೆ ಮಾಡಬೇಕು. ಮೂರು ಅಕ್ಷರದಲ್ಲಿ ಇಷ್ಟಿದೆ.

ಒಡ್ಡು ಹಾಕುವ ಮಾತನ್ನು ಪುಸ್ತಕದ ಮಾತು ಎಂದುಕೊಳ್ಳಬೇಡಿ. ಶಿರಾಡಿಯಲ್ಲಿ ರಸ್ತೆಯ ಪಕ್ಕದಲ್ಲೇ ಕೆಂಪುಹೊಳೆ ಇದೆ. ಅಲ್ಲಿ ಚೆಲ್ಲಿದ್ದು ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಮಂಗಳೂರು ಕುಡಿಯುವುದು ತುಂಬೆ ಅಣೆಕಟ್ಟಿನ ನೇತ್ರಾವತಿ ನೀರನ್ನೇ. ಪಠ್ಯದಲ್ಲಿ 'ಬಾವಿ, ನದಿ, ಕೆರೆಗಳ ರಕ್ಷಣೆ' ಎಂಬ ಒಂದು ಸಾಲಿದೆ. ಹೆಚ್ಚಿನವರು ಅದನ್ನು ಹಾರಿಸಿ ಓದುತ್ತಾರೆ.

ಬಂಟ್ವಾಳದ ಬಾಬಣ್ಣ (ಮಧ್ಯಾಹ್ನ 2.31)

ನಾನು ನೆನಪಿಟ್ಟುಕೊಂಡ ಬಗೆ: ಕ್ಲೋರಿನ್ ಕೆಳಕ್ಕೆ, ಅಮೋನಿಯ ಆಕಾಶಕ್ಕೆ. ಕ-ಕ, ಅ-ಆ. ಪ್ರಶ್ನೆ ಬಂದೇ ಬಂತು.

ಟರ್ಮಿನಲ್ ಗೇಟ್ (ಮಧ್ಯಾಹ್ನ 2.44)

ಬಾಬಣ್ಣ, ಪರೀಕ್ಷೆಗೆ ಅದು ಸರಿ, ರಸ್ತೆಯಲ್ಲಿ ಪೂರ್ತಿ ನಂಬಬೇಡಿ. ಅಮೋನಿಯ ಅನಿಲ ಗಾಳಿಗಿಂತ ಹಗುರ, ನಿಜ. ಆದರೆ ಟ್ಯಾಂಕರಿನಲ್ಲಿ ಇರುವುದು ಒತ್ತಿ ದ್ರವ ಮಾಡಿದ್ದು. ಸೋರಿದಾಗ ಕೊರೆಯುವಷ್ಟು ತಣ್ಣಗಾಗಿ, ಬಿಳಿ ಮಂಜಾಗಿ ಮೊದಲು ನೆಲದ ಮೇಲೇ ಹರಡುತ್ತದೆ. ಮೇಲೆ ಹೋಗುತ್ತದೆಂದು ಅಲ್ಲೇ ನಿಂತರೆ ಕಣ್ಣು, ಗಂಟಲು ಉಳಿಯುವುದಿಲ್ಲ. ಯಾವುದೇ ಅನಿಲವಿರಲಿ, ಗಾಳಿಗೆ ಎದುರಾಗಿ ಓಡಿ. ಗಾಳಿಯ ದಿಕ್ಕು ತಿಳಿಯಲು ಒಂದು ಹಿಡಿ ಧೂಳು ತೂರಿ ನೋಡಿದರೂ ಸಾಕು.

ಬಂಟ್ವಾಳದ ಬಾಬಣ್ಣ (ಮಧ್ಯಾಹ್ನ 2.50)

ಆರು ವರ್ಷದಿಂದ ತಪ್ಪು ತಿಳಿದುಕೊಂಡಿದ್ದೆ ಅಕ್ಕ. ಅಮೋನಿಯ ಹೊತ್ತವನಲ್ಲ, ಪುಣ್ಯ.

ಹೊಸ ಸ್ಟೇರಿಂಗ್ (ರಾತ್ರಿ 9.15)

ಮಗಳಿಗೆ ಕೊನೆಗೂ ಹೇಳಿದೆ. ನಗಲಿಲ್ಲ. ಕಳೆದ ವರ್ಷ ತಂಗಿಯ ಮದುವೆಯಲ್ಲಿ ಮಿಕ್ಕಿದ್ದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಸಂಖ್ಯೆ, ಗಣೇಶನ ಬದಿಯಲ್ಲಿ ಸರಕಿನ ಹೆಸರು ಬರೆದುಕೊಟ್ಟಿದ್ದಾಳೆ. ಒಂದರಿಂದ ಒಂಬತ್ತರವರೆಗಿನ ವರ್ಗಗಳಿಗೂ ಚೀಟಿ ಆಯಿತು: ಒಂದು ಸ್ಫೋಟಕ, ಎರಡು ಅನಿಲ, ಮೂರು ಹೊತ್ತುವ ದ್ರವ, ನಾಲ್ಕು ಹೊತ್ತುವ ಘನವಸ್ತು, ಐದು ಬೆಂಕಿಗೆ ಆಮ್ಲಜನಕ ಕೊಡುವಂಥದ್ದು, ಆರು ವಿಷ, ಏಳು ವಿಕಿರಣ, ಎಂಟು ಚರ್ಮ ಲೋಹ ತಿನ್ನುವಂಥದ್ದು, ಒಂಬತ್ತು ಉಳಿದದ್ದು. ನಾಲ್ಕು ಮತ್ತು ಐದು ಅದಲು ಬದಲಾಗುತ್ತಿವೆ. 'ನಾಲ್ಕು ತಾನೇ ಉರಿಯುತ್ತದೆ, ಐದು ಪಕ್ಕದವನನ್ನು ಉರಿಸುತ್ತದೆ' ಎಂದು ಮಗಳು ಹೇಳಿಕೊಟ್ಟಳು. ನಮ್ಮೂರಿನ ಇಬ್ಬರ ಹೆಸರನ್ನೂ ಹೇಳಿದಳು, ಇಲ್ಲಿ ಬರೆಯುವುದಿಲ್ಲ.

ಒಂದು ಅನುಮಾನ. ಹಳೆಯ ಪ್ರಶ್ನೆಪತ್ರಿಕೆಯಲ್ಲಿ 'ತುಂಬಿದ ಟ್ಯಾಂಕರ್ ಹೆಚ್ಚು ಅಪಾಯವೋ, ಖಾಲಿ ಟ್ಯಾಂಕರೋ' ಎಂದಿದೆ. ಉತ್ತರ ಖಾಲಿ ಎಂದು ಗುರುತು ಹಾಕಿದ್ದಾರೆ. ಅಚ್ಚಿನ ತಪ್ಪೇ?

ಟರ್ಮಿನಲ್ ಗೇಟ್ (ರಾತ್ರಿ 9.37)

ತಪ್ಪಲ್ಲ. ಉರಿಯುವುದು ದ್ರವವಲ್ಲ, ಅದರ ಆವಿ. ತುಂಬಿದ ಕಂಪಾರ್ಟ್‌ಮೆಂಟಿನಲ್ಲಿ ಆವಿಗೆ ಜಾಗವೇ ಕಡಿಮೆ. ಖಾಲಿಯಾದದ್ದರಲ್ಲಿ ತಳದ ತೇವದಿಂದ ಎದ್ದ ಆವಿಯೂ ಇದೆ, ಬೇಕಾದಷ್ಟು ಗಾಳಿಯೂ ಇದೆ. ಸರಿಯಾದ ಹದಕ್ಕೆ ಬಂದರೆ ಒಂದು ಕಿಡಿ ಸಾಕು. ಖಾಲಿ ಟ್ಯಾಂಕ್ ಎಂದು ಆವಿ ತೆಗೆಸದೆ ಬೆಸುಗೆ ಹಾಕಲು ಹೋಗಿ ಸತ್ತವರಿದ್ದಾರೆ. ಪೆಟ್ರೋಲ್ ಮೈನಸ್ 40 ಡಿಗ್ರಿಯ ಚಳಿಯಲ್ಲೂ ಹೊತ್ತುವಷ್ಟು ಆವಿ ಬಿಡುತ್ತದೆ, ನಮ್ಮ ಅರಸೀಕೆರೆಯ ಏಪ್ರಿಲ್ ಬಿಸಿಲಿನ ಮಾತು ಬಿಡಿ.

ಇಳಿಸುವಾಗ ಕ್ರಮ ಕೇಳುತ್ತಾರೆ: ಎಂಜಿನ್ ಬಂದ್, ಮೇನ್ ಸ್ವಿಚ್ ಬಂದ್, ಚಕ್ರಕ್ಕೆ ಅಡೆ, ಮೊದಲು ಅರ್ತಿಂಗ್ ತಂತಿ, ಆಮೇಲೆ ಪೈಪು. ಬಿಚ್ಚುವಾಗ ತಿರುಗಮುರುಗ, ಅರ್ತಿಂಗ್ ಕೊನೆಗೆ.

ಗುಂಡ್ಯ ಬುಲೆಟ್ (ರಾತ್ರಿ 10.10)

ಸಿಮೆಂಟ್ ಮೂಟೆ ಹೊತ್ತವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮೂಟೆ ಕುಳಿತಲ್ಲೇ ಕುಳಿತಿರುತ್ತದೆ. ದ್ರವ ಹಾಗಲ್ಲ, ನೀವು ಬ್ರೇಕ್ ಒತ್ತಿದರೆ ಅದು ಮುಂದಕ್ಕೆ ಓಡಿ ಬಂದು ಹಿಂದಿನಿಂದ ನೂಕುತ್ತದೆ. ತಿರುವಿನಲ್ಲಿ ಹೊರಬದಿಗೆ ಏರುತ್ತದೆ, ನೀವು ಸ್ಟೇರಿಂಗ್ ನೇರ ಮಾಡಿದ ಮೇಲೂ ಅದು ಇನ್ನೊಂದು ಸಲ ತೂಗುತ್ತದೆ. ಬುಲೆಟ್‌ನಲ್ಲಂತೂ ಪೂರ್ತಿ ತುಂಬುವಂತಿಲ್ಲ, ಗ್ಯಾಸ್ ಹಿಗ್ಗಲು ಜಾಗ ಬಿಟ್ಟು ಸುಮಾರು 85 ಪಾಲು ಮಾತ್ರ. ಹಾಗಾಗಿ ತೊನೆದಾಟ ತಪ್ಪಿದ್ದಲ್ಲ. ಮನೆಯಲ್ಲಿ ಅರ್ಧ ನೀರಿರುವ ಕೊಡಪಾನವನ್ನು ಹೊತ್ತು ಬೇಗ ನಡೆದು ಗಕ್ಕನೆ ನಿಂತು ನೋಡಿ, ನಾನು ಹೇಳುವುದು ಸೊಂಟಕ್ಕೆ ಅರ್ಥವಾಗುತ್ತದೆ.

ಶಿರಾಡಿ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಿದೆ ಎನ್ನುವವನ ಪಕ್ಕದಲ್ಲಿ ಕೂರಬೇಡ ತಮ್ಮಾ.

ಡಲ್ಲಾಸ್ ಲಾರಿ (ಶುಕ್ರವಾರ, ಬೆಳಿಗ್ಗೆ 5.30)

ನಾನು ದಾವಣಗೆರೆಯವನು, ಈಗ ಟೆಕ್ಸಾಸ್‌ನಲ್ಲಿ ಲಾರಿ ಓಡಿಸುತ್ತೇನೆ. ಇಲ್ಲಿ ಇದೇ ನಮೂದಿಗೆ ಬೆರಳಚ್ಚು ಕೊಟ್ಟು, ಕೇಂದ್ರ ಸರ್ಕಾರದ ಹಿನ್ನೆಲೆ ತಪಾಸಣೆ ಮುಗಿಯಬೇಕು. 2022ರ ಫೆಬ್ರುವರಿಯಿಂದ ಹೊಸಬರಿಗೆ ಪಾಠವೂ ಕಡ್ಡಾಯ. ಪರೀಕ್ಷೆಯಲ್ಲಿ ನೂರಕ್ಕೆ 80 ಬರಬೇಕು. ನಾನು ಮೊದಲ ಸಲ ಫೇಲಾದೆ. ಬಾಯಿಪಾಠ ಮಾಡಿದ್ದೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದೇ ತಬ್ಬಿಬ್ಬಾದೆ. ಇಲ್ಲಿ ಕ್ಯಾಬಿನ್‌ನಲ್ಲಿ ಕಿತ್ತಳೆ ಬಣ್ಣದ ಅಂಚಿನ ಕೈಪಿಡಿ ಇಟ್ಟುಕೊಳ್ಳುತ್ತೇವೆ. 1203 ಎಂದು ಹುಡುಕಿದರೆ 128ನೇ ಮಾರ್ಗಸೂಚಿಗೆ ಕಳುಹಿಸುತ್ತದೆ, ಅಲ್ಲಿ ಏನು ಮಾಡಬೇಕೆಂದು ಇರುತ್ತದೆ. ಅರಸೀಕೆರೆಯ ಅಣ್ಣ ಕಲಿಯುತ್ತಿರುವ ಸಂಖ್ಯೆ ಇಲ್ಲಿಯೂ ಅದೇ.

ಅಡ್ಡದಾರಿ (ಬೆಳಿಗ್ಗೆ 8.12)

ನಾನೂ ಸುಮ್ಮನೆ ಓದುತ್ತಿದ್ದೆ. ನನ್ನ ಮಾತು ನಿಮಗೆಲ್ಲ ಕೆಟ್ಟದಾಗಿ ಕಂಡಿದೆ, ಸರಿ. ಆದರೆ ಆ ಸಂಸ್ಥೆಯಲ್ಲಿ ಕೂತಿದ್ದರೂ ಕಲಿಯುತ್ತಿದ್ದದ್ದು ಏನೂ ಇರಲಿಲ್ಲ. ಹಿಂದಿಯ ವಿಡಿಯೊ ಹಾಕಿ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ನಾನು ಓಡಿಸುವುದು ಆಸಿಡ್ ಗಾಡಿ. ಒಂದು ಕೇಳುತ್ತೇನೆ, ಆಸಿಡ್ ಮೇಲೆ ನೀರು ಹಾಕಬಾರದು ಎನ್ನುತ್ತಾರೆ. ಮೈಮೇಲೆ ಬಿದ್ದರೆ?

ಟರ್ಮಿನಲ್ ಗೇಟ್ (ಬೆಳಿಗ್ಗೆ 8.20)

ಮೈಮೇಲೆ ಬಿದ್ದರೆ ನೀರೇ. ತಕ್ಷಣ, ಧಾರಾಳವಾಗಿ, ಕನಿಷ್ಠ 15 ನಿಮಿಷ, ಬಟ್ಟೆ ಕಳಚಿ. ಕಣ್ಣಿಗೂ ಹಾಗೆಯೇ, ರೆಪ್ಪೆ ಬಿಡಿಸಿ ಹಿಡಿದು. ನೀರು ಹಾಕಬಾರದು ಎಂಬುದು ಡ್ರಮ್ಮಿನೊಳಗಿನ, ಗುಂಡಿಯಲ್ಲಿ ನಿಂತ ಗಾಢ ಆಮ್ಲದ ಮಾತು, ಅದು ಕುದಿದು ಎರಚುತ್ತದೆ. ಈ ಎರಡನ್ನು ಬೆರೆಸಿ ಕ್ಲೀನರ್ ಹುಡುಗನಿಗೆ ನೀರು ಹಾಕದೆ ಆಸ್ಪತ್ರೆಗೆ ಕರೆತಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಗಾಡಿಯಲ್ಲಿ ನೀರಿನ ಕ್ಯಾನ್ ಇದೆಯೇ?

ಅಡ್ಡದಾರಿ (ಬೆಳಿಗ್ಗೆ 8.31)

ಕುಡಿಯುವ ಎರಡು ಲೀಟರ್ ಬಾಟಲಿ ಇದೆ. ಇವತ್ತು 20 ಲೀಟರಿನ ಎರಡು ಕ್ಯಾನ್ ಕಟ್ಟಿಸುತ್ತೇನೆ ಮೇಡಂ.

ಹೊಸ ಸ್ಟೇರಿಂಗ್ (ಹನ್ನೆರಡು ದಿನಗಳ ನಂತರ, ರಾತ್ರಿ 8.50)

ಪಾಸಾದೆ. ಮೂರು ದಿನವೂ ಕೂತೆ. ಕನ್ನಡದಲ್ಲಿ ಬರೆಯಲು ಬಿಟ್ಟರು, ಆದರೆ ಟ್ರೆಮ್ ಕಾರ್ಡಿನ ನಾಲ್ಕು ಸಾಲನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿಸಿದರು. ಬೆವರಿ ಹೋದೆ, ಓದಿದೆ. ಖಾಲಿ ಟ್ಯಾಂಕರಿನ ಪ್ರಶ್ನೆ ಬಂತು. ಬ್ರೇಕಿನ ಪ್ರಶ್ನೆ ತಪ್ಪಾಯಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಎಷ್ಟು ಮೀಟರ್ ಎಂದರೆ ಹತ್ತು ಎಂದು ಬರೆದೆ, ಸುಮಾರು 17 ಅಂತೆ. ಕಾಲು ಬ್ರೇಕಿಗೆ ಹೋಗುವ ಮೊದಲೇ ಗಾಡಿ ಅಷ್ಟು ದೂರ ಹೋಗಿರುತ್ತದೆ. ಮಗಳು ಬೈದಳು, ಅವಳ ಪುಸ್ತಕದಲ್ಲೇ ಆ ಲೆಕ್ಕ ಇದೆಯಂತೆ. ಸಾರಥಿಯಲ್ಲಿ ಅರ್ಜಿ ಹಾಕಿದ್ದೇನೆ.

ಗುಂಡ್ಯ ಬುಲೆಟ್ (ರಾತ್ರಿ 9.05)

ಭೇಷ್. ಗುಂಡ್ಯದಲ್ಲಿ ಸಿಕ್ಕರೆ ನನ್ನ ಲೆಕ್ಕದಲ್ಲಿ ಊಟ.

ಹೊಸ ಸ್ಟೇರಿಂಗ್ (ಒಂದು ತಿಂಗಳ ನಂತರ, ಬೆಳಿಗ್ಗೆ 6.40)

ಕಾರ್ಡಿನಲ್ಲಿ ನಮೂದು ಬಂತು. ನಾಳೆ ಮೊದಲ ಲೋಡ್. ನಿನ್ನೆ ಗಾಡಿ ಸುತ್ತ ಒಂದು ಸುತ್ತು ಹಾಕಿ ಎಲ್ಲ ನೋಡಿದೆ: ಸೈಲೆನ್ಸರಿನ ಕಿಡಿ ತಡೆ ಇದೆ, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆ, ಟ್ರೆಮ್ ಕಾರ್ಡ್ ಕ್ಯಾಬಿನ್‌ನಲ್ಲಿದೆ. ಫಲಕದಲ್ಲಿ ಬರೆದಿರುವ ತುರ್ತು ಫೋನ್ ಸಂಖ್ಯೆಗೆ ಸುಮ್ಮನೆ ಒಮ್ಮೆ ಕರೆ ಮಾಡಿ ನೋಡಿದೆ. ಆ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು. ಕ್ಲೀನರ್ ನಕ್ಕ, 'ಮೂರು ವರ್ಷದಿಂದ ಹಾಗೇ ಇದೆ ಅಣ್ಣ' ಎಂದ. ಹಾಗೇ ಹೋಗಬಹುದೇ?

ಸೆಕ್ಷನ್ ಸ್ವಾಮಿ (ಬೆಳಿಗ್ಗೆ 6.55)

ಹೋಗಬೇಡಿ. ಬರೆಸುವುದು ಮಾಲೀಕರ ಕೆಲಸ, ಇವತ್ತೇ ಹೇಳಿ. ಅದೇ 1989ರ ನಿಯಮಗಳಲ್ಲಿ ನಿಯಮ 134.

ಹೊಸ ಸ್ಟೇರಿಂಗ್ (ಬೆಳಿಗ್ಗೆ 11.10)

ಮಾಲೀಕರು ಗೊಣಗಿದರು, ಆದರೂ ಪೇಂಟರನ್ನು ಕಳುಹಿಸಿದ್ದಾರೆ. ಹಳೆಯ ಸಂಖ್ಯೆ ಕೆರೆಯುತ್ತಿದ್ದಾನೆ. ಅಂಕಿಗಳ ಎತ್ತರ ಎಷ್ಟಿರಬೇಕು ಎಂದು ಕೇಳುತ್ತಿದ್ದಾನೆ.

ಸೆಕ್ಷನ್ ಸ್ವಾಮಿ (ಬೆಳಿಗ್ಗೆ 11.12)

ಫೋನ್ ಸಂಖ್ಯೆಗೆ ಕನಿಷ್ಠ 50 ಮಿ.ಮೀ. ಬರೆದಾದ ಮೇಲೆ ಆ ಹೊಸ ಸಂಖ್ಯೆಗೂ ಒಮ್ಮೆ ಕರೆ ಮಾಡಿ ನೋಡಿ.